ಮಳೆಗಾಲದ ಮೊದಲು ಕೊಡಗಿನ ಹ್ಯಾಮ್‌ಗಳಿಗೆ: ಬೆಳಗಿನ ಮಳೆ ಲೆಕ್ಕದ ನೆಟ್ ಶುರು ಮಾಡೋಣ್ವಾ?

ಕಕ್ಕಡಮಳೆ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ಹೊಸಬರಿಗೆ: ಹ್ಯಾಮ್ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ನಮ್ಮಂಥವರು. ನೆಟ್ ಅಂದರೆ ಗೊತ್ತಾದ ಹೊತ್ತಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಎಲ್ಲರೂ ಸೇರಿ ಸರದಿಯಲ್ಲಿ ಮಾತಾಡುವುದು.

ಮೇ ತಿಂಗಳು ಬಂತು ಅಂದರೆ ಇಲ್ಲಿ ಒಂದೇ ಪ್ರಶ್ನೆ. ಯಾವ ರೇಡಿಯೋ ಸೆಟ್ ತಗೊಳ್ಳೋದು? ಸೆಟ್ಟಿನ ಮಾತು ಸಾಕು ಅನ್ನಿಸಿದೆ. ಲೈಸೆನ್ಸ್ ಇದ್ದವರೇ ಎಷ್ಟೋ ಮಂದಿ ಸೆಟ್ಟನ್ನು ಕಪಾಟಿನಲ್ಲಿಟ್ಟು ಮರೆತಿದ್ದಾರೆ. ಮಳೆ ಜೋರಾದ ರಾತ್ರಿ ಹೊರಗೆ ತೆಗೆದರೆ ಬ್ಯಾಟರಿ ಸತ್ತಿರುತ್ತದೆ, ಆಂಟೆನಾ ವೈರನ್ನು ಇಲಿ ಕಡಿದಿರುತ್ತದೆ. ಯಾವ ಫ್ರೀಕ್ವೆನ್ಸಿಯಲ್ಲಿ ಯಾರು ಕೇಳುತ್ತಿದ್ದಾರೆ ಅನ್ನೋದಂತೂ ದೇವರಿಗೇ ಗೊತ್ತು.

2018ರ ಆಗಸ್ಟ್ ನೆನಪಿದೆಯಲ್ವಾ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ. ಗುಡ್ಡ ಕುಸಿದ ಕಡೆ ರಸ್ತೆ, ಕರೆಂಟ್, ಫೋನ್ ಮೂರೂ ಒಟ್ಟಿಗೆ ಹೋದವು. ಅದರಲ್ಲಿ ಆಶ್ಚರ್ಯ ಏನಿಲ್ಲ. ನಮ್ಮಲ್ಲಿ ಕರೆಂಟ್ ಕಂಬ ಇರುವುದು ರಸ್ತೆ ಬದಿಯಲ್ಲಿ, ಕೇಬಲ್ ಹೂತಿರುವುದೂ ರಸ್ತೆ ಅಂಚಿನ ಮಣ್ಣಿನಲ್ಲೇ. ಬರೆ (ರಸ್ತೆ ಪಕ್ಕದ ಕಡಿದಾದ ಮಣ್ಣಿನ ಮಗ್ಗುಲು) ಜರಿದರೆ ಎಲ್ಲವೂ ಕೆಳಗೆ. ಟವರ್ ಗಟ್ಟಿಯಾಗಿ ನಿಂತಿದ್ದರೂ ಅದರ ಬ್ಯಾಟರಿ ಕೆಲವು ಗಂಟೆ ಮಾತ್ರ. ಆಮೇಲೆ ಜನರೇಟರಿಗೆ ಡೀಸೆಲ್ ಬೇಕು. ಡೀಸೆಲ್ ಬರಬೇಕಾದ ರಸ್ತೆಯೇ ಇಲ್ಲ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಊರು ಬೇರೆ, ಕಥೆ ಅದೇ.

ನಾನು ಹೇಳಬೇಕೆಂದಿರುವುದು ಒಂದೇ. ದಿನಾ ಬಳಸದ ರೇಡಿಯೋ ಆಪತ್ತಿನ ದಿನ ಕೆಲಸಕ್ಕೆ ಬರುವುದಿಲ್ಲ. ಹಾಗಾದರೆ ದಿನಾ ಬಳಸಲು ಒಂದು ನೆಪ ಬೇಕು. ಆ ನೆಪ ನಮ್ಮ ತೋಟಗಳಲ್ಲೇ ಇದೆ. ಕೊಡಗಿನಲ್ಲಿ ಮಳೆ ಅಳೆಯದ ತೋಟ ಉಂಟಾ? ಬೆಳಿಗ್ಗೆ ಎದ್ದು ಮಾಪಕ ನೋಡಿ, ಪುಸ್ತಕದಲ್ಲಿ ಬರೆದು, ಪಕ್ಕದ ತೋಟದವರಿಗೆ ಫೋನ್ ಮಾಡಿ "ನಿಮ್ಗೆಷ್ಟು?" ಅಂತ ಕೇಳದಿದ್ದರೆ ಕಾಫಿ ಇಳಿಯುವುದಿಲ್ಲ. ಅದೇ ಮಾತನ್ನು ಫೋನ್ ಬಿಟ್ಟು ರೇಡಿಯೋದಲ್ಲಿ ಆಡೋಣ. ಒಬ್ಬರು ನೆಟ್ ಕಂಟ್ರೋಲ್ ಆಗಿ ಕೂರುವುದು. ಒಂದೊಂದೇ ಸ್ಟೇಷನ್ ಕರೆಯುವುದು. ಕಾಲ್ ಸೈನ್ (ಲೈಸೆನ್ಸಿನ ಜೊತೆ ಸಿಗುವ ರೇಡಿಯೋ ಹೆಸರು), ಊರು, ಎಷ್ಟು ಇಂಚು, ಹೊಳೆ ಹೇಗಿದೆ, ರಸ್ತೆ ಇದೆಯಾ, ಕರೆಂಟ್ ಇದೆಯಾ. ಅಷ್ಟೇ. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ಹೊತ್ತು ಬೆಳಿಗ್ಗೆ ಒಂಬತ್ತಕ್ಕೆ ಇಟ್ಟರೆ ಹೇಗೆ? ಹವಾಮಾನ ಇಲಾಖೆಯ ಮಳೆ ದಿನವೂ 8.30ರಿಂದ 8.30ಕ್ಕೆ. ನಮ್ಮ ಲೆಕ್ಕ ಅದಕ್ಕೆ ಹೊಂದುತ್ತದೆ. ಏನನ್ನುತ್ತೀರಿ?

ಗೋಣಿಕೊಪ್ಪ_ಬೈಕರ್

ಅಣ್ಣ, ಐಡಿಯಾ ಚೆನ್ನಾಗಿದೆ. ಆದರೆ ನನ್ನದೊಂದು ಪೆದ್ದು ಪ್ರಶ್ನೆ. ಪೊಲೀಸರಿಗೆ ವೈರ್‌ಲೆಸ್ ಇದೆ. ಫಾರೆಸ್ಟ್‌ನವರಿಗೂ ಇದೆ. ನಾವು ಯಾಕೆ? ಇನ್ನೊಂದು, ನಮ್ಮ ರೈಡಿಂಗ್ ಗ್ಯಾಂಗಿನಲ್ಲಿ ನಾಲ್ಕೈದು ಜನ ಆನ್‌ಲೈನ್‌ನಲ್ಲಿ ಚೈನಾ ವಾಕಿಟಾಕಿ ತರಿಸಿದ್ದಾರೆ. ಅದನ್ನು ಹಿಡಿದು ನಿಮ್ಮ ನೆಟ್‌ಗೆ ಬರಬಹುದಾ?

ಹಳೇ_ಮೋರ್ಸ್

ಬೈಕರ್ ತಮ್ಮ, ಬರಬಾರದು. ಮೊದಲು ಲೈಸೆನ್ಸ್.

ಆ ಚೈನಾ ಸೆಟ್ಟುಗಳು 2 ಮೀಟರ್ ಬ್ಯಾಂಡಿನಲ್ಲೂ (ಹತ್ತಿರದ ಮಾತಿಗೆ ಹ್ಯಾಮ್‌ಗಳು ಬಳಸುವ ಫ್ರೀಕ್ವೆನ್ಸಿ) ಹೋಗುತ್ತವೆ, ಪೊಲೀಸರ ಫ್ರೀಕ್ವೆನ್ಸಿಗೂ ಹೋಗುತ್ತವೆ. ತೊಂದರೆ ಇರುವುದೇ ಅಲ್ಲಿ. ಗೊತ್ತಿಲ್ಲದೆ ಬಟನ್ ಒತ್ತಿದರೆ ಯಾರ ಕೆಲಸಕ್ಕೆ ಅಡ್ಡ ಬರುತ್ತೀರೋ ಹೇಳಲಾಗದು. ಲೈಸೆನ್ಸ್ ಬೇಡದ ಸಣ್ಣ ವಾಕಿಟಾಕಿ ಬೇರೆ ಇವೆ. 446.0ರಿಂದ 446.2 ಮೆಗಾಹರ್ಟ್ಸ್‌ನೊಳಗೆ, ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವಂಥವು. ರೈಡ್‌ಗೆ ಅದು ಸಾಕು. ತೋಟದ ಈ ತುದಿಯಿಂದ ಆ ತುದಿಗೆ ಮಾತಾಡಬಹುದು, ಗುಡ್ಡದ ಆಚೆಗೆ ಇಲ್ಲ.

ಹ್ಯಾಮ್ ಪರೀಕ್ಷೆಗೆ ಹೆದರಬೇಡಿ. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಎರಡು ದರ್ಜೆ ಇವೆ, ರಿಸ್ಟ್ರಿಕ್ಟೆಡ್ ಮತ್ತು ಜನರಲ್. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬೇಡ. ರೇಡಿಯೋ ತತ್ವ ಮತ್ತು ನಿಯಮ, ಎರಡೇ ವಿಷಯ. ಜನರಲ್‌ಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬರಬೇಕು. ಅರ್ಜಿ ಹಾಕುವುದು ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ. ಪಾಸಾದರೆ ರಿಸ್ಟ್ರಿಕ್ಟೆಡ್‌ನವರಿಗೆ ವಿಯು3 ಅಂತ ಶುರುವಾಗುವ ಕಾಲ್ ಸೈನ್, ಜನರಲ್‌ನವರಿಗೆ ವಿಯು2. ಶುಲ್ಕ 20 ವರ್ಷಕ್ಕೆ 1000 ರೂಪಾಯಿ, ಜೀವನಪೂರ್ತಿಗೆ 2000. ನಿಮ್ಮ ಬೈಕಿನ ಒಂದು ಟೈರಿಗೂ ಅದು ಸಾಲದು.

ಪೊಲೀಸ್ ವೈರ್‌ಲೆಸ್ ಇರುವುದು ಅವರ ಕೆಲಸಕ್ಕೆ. ಆಪತ್ತಿನ ದಿನ ಅವರ ಚಾನೆಲ್ ಅವರಿಗೇ ಸಾಲುವುದಿಲ್ಲ. ಅದರಲ್ಲಿ "ಕಾಳಜಿ ಕೇಂದ್ರಕ್ಕೆ ಸಕ್ಕರೆ ಕಾಯಿಲೆ ಮಾತ್ರೆ ಬೇಕು" ಅಂತ ಯಾರು ಹೇಳೋದು? ಶಾಲೆಯಲ್ಲೋ ಸಮುದಾಯ ಭವನದಲ್ಲೋ ಕೇಂದ್ರ ತೆರೆದಿರುತ್ತಾರೆ, ಅಲ್ಲಿ ಪೊಲೀಸ್ ಸೆಟ್ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಆ ಸಂದಿಯಲ್ಲಿ ನಾವು ಬರುತ್ತೇವೆ.

ಸಂಪಾಜೆ_ಗಾಳಿ

ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡ್ಕೋಬೇಡಿ.

2018ರಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಹೋದಾಗ ನಾವು ಕೆಳಗಿನವರು ಸುಳ್ಯದ ಕಡೆಗೇ ಮುಖ ಮಾಡಬೇಕಾಯಿತು. ಜಿಲ್ಲಾ ಕೇಂದ್ರ ನಮಗೆ ಬೇರೆ ದೇಶ ಆಗಿಬಿಟ್ಟಿತ್ತು. ಆಗ ನನ್ನ ಕೈಯಲ್ಲಿ ಐದು ವ್ಯಾಟಿನ ಸೆಟ್ ಇದ್ದಿದ್ದರೂ ಮಡಿಕೇರಿಗೆ ಮುಟ್ಟುತ್ತಿರಲಿಲ್ಲ. ನಡುವೆ ಇರುವುದು ಘಾಟಿ. ವಿಎಚ್‌ಎಫ್ ಅಲೆ (2 ಮೀಟರ್ ಕೈ ಸೆಟ್ಟಿನದು) ಬಹುಮಟ್ಟಿಗೆ ನೇರ ಹೋಗುತ್ತದೆ, ಗುಡ್ಡ ಹತ್ತಿ ಇಳಿಯುವುದಿಲ್ಲ. ಹಾಗಾಗಿ ಎತ್ತರದ ಬೆಟ್ಟದ ಮೇಲೆ ಒಂದು ರಿಪೀಟರ್ ಇಡದೆ ನಿಮ್ಮ ಮಳೆ ಲೆಕ್ಕ ಮಡಿಕೇರಿ ಪೇಟೆಯೊಳಗಿನ ಹರಟೆ ಆಗುತ್ತದೆ, ಅಷ್ಟೇ.

ಇನ್ನೊಂದು ಮಾತು. ಆ ವರ್ಷ ಸಹಾಯ ಮಾಡಲು ಬಂದವರ ಗಾಡಿಗಳೇ ರಸ್ತೆ ತುಂಬಿದ್ದವು. ಆಂಟೆನಾ ಕಟ್ಟಿಕೊಂಡ ಜೀಪುಗಳೂ ಅದಕ್ಕೆ ಸೇರುವುದು ಬೇಡ.

ಕಕ್ಕಡಮಳೆ (ಮಡಿಕೇರಿ)

ಗಾಳಿಯವರೇ, ಎರಡನೇ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮೊದಲನೆಯದಕ್ಕೆ ಅರ್ಧ.

ರಿಪೀಟರ್ ಒಳ್ಳೆಯದೇ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ ಅದೇ ಗಳಿಗೆಯಲ್ಲಿ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. 2 ಮೀಟರ್‌ನಲ್ಲಿ ಎರಡರ ನಡುವೆ 600 ಕಿಲೋಹರ್ಟ್ಸ್ ಅಂತರ. ಆದರೆ ಬೆಟ್ಟದ ತುದಿಯಲ್ಲಿ ಅದನ್ನು ಜೀವಂತ ಇಡುವುದು ಯಾರು? ಏಪ್ರಿಲ್–ಮೇ ಸಿಡಿಲಿಗೆ ಬೋರ್ಡ್ ಸುಡುತ್ತದೆ. ಜುಲೈನಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಸೋಲಾರ್ ಪ್ಯಾನೆಲ್ ಸುಮ್ನೆ ನೆನೆಯುತ್ತಾ ಇರುತ್ತದೆ. ಕೆಟ್ಟರೆ ಆ ಮಳೆಯಲ್ಲಿ, ಜಿಗಣೆಯಲ್ಲಿ ಮೇಲೆ ಹತ್ತಬೇಕು. ಎಲ್ಲರೂ ಒಂದೇ ಪೆಟ್ಟಿಗೆಯನ್ನು ನೆಚ್ಚಿಕೊಂಡರೆ ಮೊಬೈಲ್ ಟವರ್‌ಗೂ ಅದಕ್ಕೂ ವ್ಯತ್ಯಾಸ ಏನು?

ಅದಕ್ಕೇ ನಾನು ನೆಟ್‌ಗೆ 7 ಮೆಗಾಹರ್ಟ್ಸ್ ಯೋಚಿಸಿದ್ದು. 40 ಮೀಟರ್ ಬ್ಯಾಂಡ್. ನಮ್ಮಲ್ಲಿ ಅದು 7.0ರಿಂದ 7.2ರವರೆಗೆ. ದೂರದ ಊರಿಗೆ ಮಾತಾಡುವವರು ಡೈಪೋಲನ್ನು (ಎರಡು ಕಡೆಗೆ ಚಾಚಿದ ವೈರಿನ ಆಂಟೆನಾ) ಆದಷ್ಟು ಎತ್ತರಕ್ಕೆ ಕಟ್ಟುತ್ತಾರೆ. ನಮಗೆ ದೂರ ಬೇಡ, ಹತ್ತಿರ ಬೇಕು. ಹಾಗಾಗಿ ತಗ್ಗಿನಲ್ಲಿ, ಆಳೆತ್ತರದ ಎರಡು ಪಟ್ಟಿಗೆ ಕಟ್ಟಬೇಕು. ಆಗ ಅಲೆ ನೆಟ್ಟಗೆ ಮೇಲಕ್ಕೆ ಹೋಗಿ, ಅಯಾನುಗೋಲಕ್ಕೆ (ರೇಡಿಯೋ ಅಲೆಯನ್ನು ವಾಪಸ್ ಕಳಿಸುವ, ವಾತಾವರಣದ ಮೇಲಿನ ಪದರ) ತಾಗಿ, ಸುತ್ತಲಿನ ಇನ್ನೂರು ಮುನ್ನೂರು ಕಿಲೋಮೀಟರ್‌ಗೆ ವಾಪಸ್ ಸುರಿಯುತ್ತದೆ. ಹೂ ಮಳೆಗೆ ನಾವು ಸ್ಪ್ರಿಂಕ್ಲರ್ ಹೊಡೆಯುವ ಹಾಗೆ. ನಡುವೆ ಘಾಟಿ ಇದ್ದರೇನು, ಬ್ರಹ್ಮಗಿರಿ ಇದ್ದರೇನು, ಅದರ ನೆತ್ತಿಯ ಮೇಲಿಂದ ಇಳಿಯುತ್ತದೆ. ಸಂಪಾಜೆಗೂ ಇಳಿಯುತ್ತದೆ, ಬೆಂಗಳೂರಿಗೂ ಇಳಿಯುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರುವುದು ಯಲಹಂಕದಲ್ಲಿ. ಆ ಊರಿನ ಹ್ಯಾಮ್ ಒಬ್ಬರು ನಮ್ಮ ನೆಟ್ ಕೇಳುತ್ತಿದ್ದರೆ ಜಿಲ್ಲೆಯ ಆಚೆಗೂ ಒಂದು ಕಿವಿ ಸಿಕ್ಕ ಹಾಗೆ.

ಖರ್ಚು ಜಾಸ್ತಿ ಇಲ್ಲ. ಎರಡು ಕಡೆ ಹತ್ತತ್ತು ಮೀಟರ್ ತಾಮ್ರದ ವೈರು, ನಡುವೆ ಕೋಆಕ್ಸ್ (ಆಂಟೆನಾದಿಂದ ಸೆಟ್ಟಿಗೆ ಬರುವ ಕೇಬಲ್), ಕಟ್ಟಲು ಸಿಲ್ವರ್ ಓಕ್ ಮರ. ಸಿಲ್ವರ್ ಓಕ್ ಇಲ್ಲದ ತೋಟದವರು ಮಾತ್ರ ಕೈ ಎತ್ತಿ.

ಒಂದು ಎಚ್ಚರ. 40 ಮೀಟರ್ ಹಗಲಿಗೆ. ಕತ್ತಲಾದರೆ ಅಲೆ ಹತ್ತಿರ ಇಳಿಯದೆ ದೂರಕ್ಕೆ ಜಾರುತ್ತದೆ. ವಿರಾಜಪೇಟೆ ಕೇಳಿಸದೆ ಉತ್ತರ ಭಾರತ ಕೇಳಿಸುತ್ತದೆ. ರಾತ್ರಿಗೆ 80 ಮೀಟರ್ ಬೇಕು, ಅದಕ್ಕೆ ವೈರು ಎರಡು ಪಟ್ಟು ಉದ್ದ. ಪೇಟೆಯಲ್ಲಿ ಜಾಗ ಸಿಗದು, ತೋಟದಲ್ಲಿ ತೊಂದರೆ ಇಲ್ಲ.

2 ಮೀಟರ್ ಕೈ ಸೆಟ್ ಬಿಡಬೇಕಾಗಿಲ್ಲ. ಕಾಳಜಿ ಕೇಂದ್ರದಿಂದ ಆಸ್ಪತ್ರೆಗೆ, ಸೇತುವೆಯ ಈಚೆಯಿಂದ ಆಚೆಗೆ ಅದೇ ಸರಿ. ನಡುವೆ ಗುಡ್ಡ ಬಂದರೆ ಗುಡ್ಡದ ಮೇಲೆ ಒಬ್ಬ ಮನುಷ್ಯ. ಅವನು ಕೇಳಿ, ಬರೆದು, ಮುಂದಕ್ಕೆ ಹೇಳುತ್ತಾನೆ. ಊಟ ಕೊಟ್ಟರೆ ಓಡುವ ರಿಪೀಟರ್.

ಸೋಮವಾರಪೇಟೆ_ಟೀಚರ್

ಕಕ್ಕಡಮಳೆ ಸರ್, ನಮ್ಮ ಶಾಲೆಯ ಅಂಗಳದಲ್ಲೂ ಮಕ್ಕಳು ಮಳೆ ಅಳೆಯುತ್ತಾರೆ. ಏಳನೇ ಕ್ಲಾಸಿನವರಿಗೆ 12 ದಾಟಿರುತ್ತದೆ. ಅವರಿಗೆ ಪರೀಕ್ಷೆ ಕಟ್ಟಿಸಬಹುದು ಅಂತ ಇವತ್ತೇ ಗೊತ್ತಾಯಿತು. ಪಾಠ ಹೇಳಿಕೊಡಲು ಯಾರಾದರೂ ಬರುತ್ತೀರಾ? ಕಾಫಿ, ಅಕ್ಕಿ ರೊಟ್ಟಿ ನಮ್ಮ ಕಡೆಯಿಂದ.

ಒಂದು ಸಲಹೆ. ನೀವು ಇಂಚು ಅನ್ನುತ್ತೀರಿ, ಪಂಚಾಯಿತಿಯ ಮಳೆ ಮಾಪಕದ ಅಂಕಿ ಮಿಲಿಮೀಟರ್‌ನಲ್ಲಿ ಬರುತ್ತದೆ. ಯಾವುದಾದರೂ ಒಂದನ್ನು ಗಟ್ಟಿ ಮಾಡಿ. ಬರೀ "ಎಂಟು" ಅಂದರೆ ಒಬ್ಬರಿಗೆ ತುಂತುರು, ಇನ್ನೊಬ್ಬರಿಗೆ ಗಂಡಾಂತರ.

ಊರ ಹೆಸರಿನದೂ ಹಾಗೇ. ಬೆಟ್ಟಗೇರಿ ಒಂದು, ಹೆಬ್ಬೆಟ್ಟಗೇರಿ ಇನ್ನೊಂದು. ಕಾಲೂರು, ಕಾನೂರು. ಕರಕರ ಸದ್ದಿನ ನಡುವೆ "ಹೆ" ಹಾರಿಹೋದರೆ ಜೆಸಿಬಿ ಎಲ್ಲಿಗೆ ಹೋಗುತ್ತದೆ?

ಹಳೇ_ಮೋರ್ಸ್

ಟೀಚರಮ್ಮ, ನೂರಕ್ಕೆ ನೂರು. ನೀವೇ ನೆಟ್ ಕಂಟ್ರೋಲ್ ಆಗಿ ಅಂತ ನನ್ನ ಕೋರಿಕೆ.

ಇಂಚನ್ನು ಬಿಡಿ ಅಂದರೆ ನಮ್ಮ ಜನ ಬಿಡುವುದಿಲ್ಲ. ಅಂಕಿಯ ಜೊತೆ "ಇಂಚು" ಅಂತ ಪ್ರತಿ ಸಲ ಹೇಳಲಿ, ನೆಟ್ ಕಂಟ್ರೋಲ್ ಬರೆಯುವಾಗ 25.4ರಿಂದ ಗುಣಿಸಲಿ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ತುಂಬಾ ಭಾರಿ, 204.5ಕ್ಕೆ ಮೇಲೆ ಹೋದರೆ ಅತ್ಯಂತ ಭಾರಿ. ನಮ್ಮ ಭಾಷೆಯಲ್ಲಿ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಒಂದೇ ದಿನದ ಅಂಕಿಗಿಂತ ಸಾಲಾಗಿ ಬಿದ್ದ ದಿನಗಳ ಒಟ್ಟು ಮಳೆ ಮುಖ್ಯ. ನೆನೆದು ಕುಳಿತ ಗುಡ್ಡಕ್ಕೆ ಆಮೇಲಿನ ಮೂರು ಇಂಚೂ ಜಾಸ್ತಿಯೇ. ಆ ಒಟ್ಟು ಲೆಕ್ಕ ಪ್ರತಿ ಊರಿಗೂ ನೆಟ್ ಪುಸ್ತಕದಲ್ಲಿ ಇರಲಿ.

ಊರ ಹೆಸರು ಬಂದಾಗ ತಾಲೂಕು, ಹತ್ತಿರದ ದೊಡ್ಡ ಊರು ಎರಡನ್ನೂ ಸೇರಿಸಿ. ಕೇಳಿದವರು ತಿರುಗಿ ಓದಿ ಹೇಳಬೇಕು. ಓದದೆ ಬರೀ "ರೋಜರ್" (ಕೇಳಿಸಿತು) ಅಂದವರಿಗೆ ಆ ದಿನ ಕಾಫಿ ಇಲ್ಲ.

ಸ್ಕೌಟ್ಸ್ ಮಕ್ಕಳಿದ್ದರೆ ಇನ್ನೂ ಸುಲಭ. ಅಕ್ಟೋಬರ್‌ನಲ್ಲಿ ಜಗತ್ತಿನ ಸ್ಕೌಟ್‌ಗಳು ಹ್ಯಾಮ್ ರೇಡಿಯೋದಲ್ಲಿ ಮಾತಾಡುವ ಜಾಂಬೋರಿ ಇರುತ್ತದೆ. ಮೈಕಿನ ಹೆದರಿಕೆ ಅಲ್ಲೇ ಬಿಡುತ್ತದೆ. ಪಾಠಕ್ಕೆ ನಾನು ಬರುತ್ತೇನೆ.

ದಶಮಂಟಪ_ಫ್ಯಾನ್

ಮಳೆ ಲೆಕ್ಕ ಸರಿ. ಆದರೆ ಅದರಲ್ಲಿ ಒತ್ತಡ ಇಲ್ಲವಲ್ಲ. ಎಲ್ಲರೂ ಮನೆಯಲ್ಲಿ ಒಣಗಿದ ಜಾಗದಲ್ಲಿ ಕೂತು ಮಾತಾಡುತ್ತೀರಿ. ಒತ್ತಡ ಬೇಕಾದರೆ ಜಾತ್ರೆಗೆ ಬನ್ನಿ.

ಮಡಿಕೇರಿ ದಸರಾದ ಕೊನೆಯ ರಾತ್ರಿ ಯೋಚನೆ ಮಾಡಿ. ಹತ್ತು ಮಂಟಪ, ಒಂದೊಂದರ ಹಿಂದೆ ಮುಂದೆ ಜನ. ಸಣ್ಣ ಪೇಟೆ, ಏರು ಇಳಿತದ ರಸ್ತೆ. ಅಷ್ಟು ಜನ ಒಂದೇ ಕಡೆ ಸೇರಿದಾಗ ಫೋನ್ ಕಡ್ಡಿ ತೋರಿಸಿದರೂ ಕಾಲ್ ಹೋಗುವುದಿಲ್ಲ. ಯಾರೋ ತಲೆ ತಿರುಗಿ ಬೀಳುತ್ತಾರೆ. ಮಗು ತಪ್ಪಿಸಿಕೊಳ್ಳುತ್ತದೆ. ಆಂಬುಲೆನ್ಸ್ ಯಾವ ಓಣಿಯಿಂದ ಬರಬೇಕು ಅಂತ ಮೇಲಿನವರು ಕೆಳಗಿನವರಿಗೆ ಹೇಳಬೇಕು. ನಾಲ್ಕು ಕಡೆ ನಾಲ್ಕು ಕೈ ಸೆಟ್, ಪೊಲೀಸ್ ಕಂಟ್ರೋಲ್ ಪಕ್ಕ ಒಬ್ಬರು ಕೂತರೆ ಇದೆಲ್ಲ ಆಗುತ್ತದೆ. ಪೊಲೀಸರೂ ದಸರಾ ಸಮಿತಿಯೂ ಒಪ್ಪಿದ ಮೇಲೆ ಮಾತ್ರ, ಅದು ಬೇರೆ ಹೇಳಬೇಕಾಗಿಲ್ಲ.

ಬೇರೆ ಊರಿನ ರ‍್ಯಾಲಿ ಒಂದರಲ್ಲಿ ನಾನು ರೇಡಿಯೋ ಡ್ಯೂಟಿ ಮಾಡಿದ್ದೇನೆ. ಅಲ್ಲಿ ಕಲಿತದ್ದು ಹೇಳುತ್ತೇನೆ. ಹೆಡ್‌ಸೆಟ್ ಇಲ್ಲದೆ ಹೋಗಬೇಡಿ. ಮಂಟಪದ ಡಿಜೆ ಮುಂದೆ ಸೆಟ್ಟಿನ ಸ್ಪೀಕರ್ ಸೊಳ್ಳೆ ಸದ್ದು. ಬಟನ್ ಒತ್ತಿದ ಕೂಡಲೇ ಮಾತು ಶುರು ಮಾಡಬೇಡಿ, ಒಂದು ಉಸಿರು ಬಿಟ್ಟು ಮಾತಾಡಿ, ಇಲ್ಲದಿದ್ದರೆ ಮೊದಲ ಪದವೇ ಹೋಗುತ್ತದೆ. ಪೆನ್ನು ಮಳೆಗೆ ಅಳಿಸುತ್ತದೆ, ಪೆನ್ಸಿಲ್ ಇರಲಿ. ಗಾಯಗೊಂಡವರ ಹೆಸರು ಗಾಳಿಯಲ್ಲಿ ಹೇಳಲೇಬೇಡಿ. ಹ್ಯಾಮ್ ಬ್ಯಾಂಡನ್ನು ಯಾರು ಬೇಕಾದರೂ ಕೇಳುತ್ತಾರೆ. ಗುಟ್ಟಿನ ಕೋಡ್ ಬಳಸುವುದಕ್ಕೆ ನಮಗೆ ಅವಕಾಶ ಇಲ್ಲ. "ಗಂಡಸು, ಐವತ್ತರ ಪ್ರಾಯ, ಎದೆನೋವು, ಇಂಥ ಜಾಗ" ಅಷ್ಟು ಸಾಕು.

ಇನ್ನೊಂದು ಜಾಗ ತುಲಾ ಸಂಕ್ರಮಣದ ದಿನ ತಲಕಾವೇರಿ. ಭಾಗಮಂಡಲದಿಂದ ಮೇಲಕ್ಕೆ 8 ಕಿಲೋಮೀಟರ್ ಒಂದೇ ರಸ್ತೆ, ಸುತ್ತ ಮಂಜು, ತೀರ್ಥೋದ್ಭವದ ಹೊತ್ತು ಒಂದೊಂದು ವರ್ಷ ಒಂದೊಂದು. ನಡುರಾತ್ರಿಯೂ ಬರಬಹುದು. ವಾಹನ ಮೇಲೆ ಬಿಡಬೇಕೋ ನಿಲ್ಲಿಸಬೇಕೋ ಅನ್ನುವ ಒಂದು ಮಾತು ಕೆಳಗೆ ಮುಟ್ಟಿದರೆ ಸಾಕು, ಎಷ್ಟು ತಾಪತ್ರಯ ತಪ್ಪುತ್ತದೆ. ಆಗಸ್ಟ್ ಮಳೆಯಲ್ಲಿ ಆ ಕಡೆ ಏನಾದರೂ ಆದರೆ ಕೆಲಸ ಮಾಡಬೇಕಾದದ್ದೂ ಅದೇ ರಸ್ತೆಯಲ್ಲಿ. ಎಲ್ಲಿ ನಿಂತರೆ ಸಿಗ್ನಲ್ ಬರುತ್ತದೆ, ಎಲ್ಲಿ ಬರುವುದಿಲ್ಲ ಅಂತ ಕಾಲಿಗೇ ಗೊತ್ತಿರುತ್ತದೆ.

ಕೊಡವ ಮನೆತನಗಳ ಕೌಟುಂಬಿಕ ಹಾಕಿಗೆ ಮಾತ್ರ ರೇಡಿಯೋ ಬೇಡ ಅಂತ ನನ್ನ ಅಭಿಪ್ರಾಯ. ಅಲ್ಲಿ ಡ್ಯೂಟಿಗೆ ಕರೆದವರೆಲ್ಲ ಗ್ಯಾಲರಿಯಲ್ಲಿ ತಮ್ಮ ಮನೆತನಕ್ಕೆ ಕೂಗುತ್ತಿರುತ್ತಾರೆ.

ನೋಡಿದ್ದೇನೆ_ಎಲ್ಲಾ

ಇದೆಲ್ಲ ಶೋಕಿ. ಈಗ ಸ್ಯಾಟಲೈಟ್ ಫೋನ್ ಇದೆ, ಎನ್‌ಡಿಆರ್‌ಎಫ್ ತಂಡ ಮಳೆಗಾಲದಲ್ಲಿ ಬಂದು ಕೂತಿರುತ್ತದೆ, ಜಿಲ್ಲಾಡಳಿತದ ಸಹಾಯವಾಣಿ 1077 ಇದೆ, ತುರ್ತು ಕರೆಗೆ 112 ಇದೆ, ತರಬೇತಿ ಪಡೆದ ಸ್ವಯಂಸೇವಕರು ಆಪದ ಮಿತ್ರರಿದ್ದಾರೆ. ಹವ್ಯಾಸಕ್ಕೆ ಸೇವೆ ಅಂತ ಹೆಸರು ಯಾಕೆ?

ಕಕ್ಕಡಮಳೆ (ಮಡಿಕೇರಿ)

ಹವ್ಯಾಸ ಅನ್ನಲು ನಾಚಿಕೆ ಏನಿಲ್ಲ, ಹವ್ಯಾಸವೇ. ಹವ್ಯಾಸ ಆದ್ದರಿಂದಲೇ ಸಂಬಳ ಇಲ್ಲದೆ ದಿನಾ ಮಾಡುತ್ತೇವೆ.

1077ಕ್ಕೆ ಫೋನ್ ಮಾಡಲು ಫೋನ್ ಬೇಕಲ್ವಾ. ಸ್ಯಾಟಲೈಟ್ ಫೋನನ್ನು ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಅಧಿಕಾರಿಗಳ ಕೈಯಲ್ಲಿ ಇರಬಹುದು, ಪ್ರತಿ ಊರಿನಲ್ಲಿ ಇರುವುದಿಲ್ಲ. 2004ರ ಸುನಾಮಿಯ ಹೊತ್ತಿಗೆ ಅಂಡಮಾನ್‌ನಲ್ಲಿ ಹ್ಯಾಮ್‌ಗಳ ತಂಡ ಒಂದಿತ್ತು. ಅವರು ಹೋಗಿದ್ದು ಹವ್ಯಾಸಕ್ಕೇ, ದೂರದ ದ್ವೀಪದಿಂದ ಜಗತ್ತಿನ ಜೊತೆ ಮಾತಾಡಲು. ಅಲೆ ಬಡಿದ ಮೇಲೆ ಪೋರ್ಟ್ ಬ್ಲೇರ್‌ನಿಂದ ಸುದ್ದಿ ಸಾಗಿಸಿದ್ದು ಅದೇ ಸೆಟ್ಟು.

ನೀವು ಹೇಳಿದ ಪಟ್ಟಿಯಲ್ಲಿ ಇರುವವರ ಜಾಗಕ್ಕೆ ನಾವು ಹೋಗುವುದಿಲ್ಲ. ಮಣ್ಣು ಅಗೆಯುವುದು, ದೋಣಿ ನಡೆಸುವುದು ನಮ್ಮ ಕೆಲಸ ಅಲ್ಲ. ನಿಯಮವೂ ಹಾಗೇ ಇದೆ. ಮಾಮೂಲಿ ದಿನ ಬೇರೆಯವರ ಸಂದೇಶ ಸಾಗಿಸುವುದಕ್ಕೇ ನಮಗೆ ಅನುಮತಿ ಇಲ್ಲ. ಪ್ರಕೃತಿ ವಿಕೋಪದಲ್ಲಿ ಮಾಮೂಲಿ ಸಂಪರ್ಕ ಬಿದ್ದುಹೋದರೆ ಮಾತ್ರ ಆಗಬಹುದು, ಅದೂ ಜಿಲ್ಲಾಧಿಕಾರಿಯಂಥ ಸರ್ಕಾರಿ ಅಧಿಕಾರಿಗಳಿಂದ ಅಥವಾ ಅವರಿಗೆ ಹೋಗುವ ಸಂದೇಶ. ಹಾಗಾಗಿ ಮಳೆಗಾಲಕ್ಕೆ ಮುಂಚೆಯೇ ಜಿಲ್ಲಾಡಳಿತಕ್ಕೆ ಒಂದು ಪತ್ರ. ಯಾರು, ಯಾವ ಊರು, ಯಾವ ಕಾಲ್ ಸೈನ್, ಯಾವ ಬ್ಯಾಂಡ್. ಕರೆದರೆ ಹೋಗುವುದು. ಕರೆಯದಿದ್ದರೆ ಮನೆಯಲ್ಲೇ ಕೂತು ಕೇಳುವುದು. ಗಾಳಿಯವರ ಜೀಪಿನ ಭಯಕ್ಕೂ ಇದೇ ಉತ್ತರ. ತನ್ನ ಊರಲ್ಲೇ ಇರುವ ಹ್ಯಾಮ್ ಎಲ್ಲಿಗೂ ಓಡಬೇಕಾಗಿಲ್ಲ, ಅವನು ಈಗಾಗಲೇ ಅಲ್ಲಿದ್ದಾನೆ.

ಸಂಪಾಜೆ_ಗಾಳಿ

ಸರಿ, ಇದು ಒಪ್ಪುವ ಮಾತು. ಹಾಗಾದರೆ ಕೆಳಗಿನಿಂದ ಒಂದು ಸ್ಟೇಷನ್ ನನ್ನದು ಬರೆದುಕೊಳ್ಳಿ. ಬ್ಯಾಟರಿ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ?

ಹಳೇ_ಮೋರ್ಸ್

ನಾನು ಹೇಳುತ್ತೇನೆ. 100 ವ್ಯಾಟಿನ ಎಚ್‌ಎಫ್ ಸೆಟ್ (40, 80 ಮೀಟರ್ ಬ್ಯಾಂಡಿನದು) ಮಾತಾಡುವಾಗ 12 ವೋಲ್ಟಿನಲ್ಲಿ 20 ಆಂಪಿಯರ್ ಎಳೆಯುತ್ತದೆ. ಸುಮ್ನೆ ಕೇಳುತ್ತಾ ಕೂತರೂ ಸುಮಾರು ಒಂದು ಆಂಪಿಯರ್. ಯುಪಿಎಸ್‌ನ ಸಣ್ಣ 7 ಆಂಪಿಯರ್-ಅವರ್ ಬ್ಯಾಟರಿ ಸಂಜೆಯೊಳಗೆ ಮುಗಿಯಿತು. ಅದಕ್ಕೆ ಎರಡು ದಾರಿ. ಒಂದು, ಶಕ್ತಿ ಇಳಿಸಿ. ಜಿಲ್ಲೆಯೊಳಗೆ ಮಾತಾಡಲು 20 ವ್ಯಾಟ್ ಬಹಳ ಸಲ ಸಾಕು. ರಿಸ್ಟ್ರಿಕ್ಟೆಡ್‌ನವರಿಗೆ ಹೇಗೂ 50 ದಾಟುವಂತಿಲ್ಲ. ಎರಡು, ಹೊತ್ತು ಗೊತ್ತು ಮಾಡಿ. ಎಲ್ಲ ಸಂಪರ್ಕ ಹೋದ ದಿನ ಪ್ರತಿ ಗಂಟೆಯ ಮೊದಲ ಹತ್ತು ನಿಮಿಷ ಮಾತ್ರ ಸೆಟ್ ಹಾಕಿ, ಆಮೇಲೆ ಆಫ್. ಎಲ್ಲರಿಗೂ ಅದೇ ಗಡಿಯಾರ. ಜುಲೈ ಬಿಸಿಲನ್ನು ನಂಬಬೇಡಿ, ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡುವ ವೈರು ಈಗಲೇ ಮಾಡಿಟ್ಟುಕೊಳ್ಳಿ. ಸಿಡಿಲು ಹತ್ತಿರ ಬರುವ ಮೊದಲೇ ಕೋಆಕ್ಸ್ ಕಿತ್ತು ಹೊರಗೆ ಹಾಕಿ. ಇದಕ್ಕೆ ಚರ್ಚೆ ಇಲ್ಲ.

ಮಾಲ್ದಾರೆ_ಆನೆಕಾಟ

ನಾನು ಲೈಸೆನ್ಸ್ ಇರುವವನು, 7 ಮೆಗಾಹರ್ಟ್ಸ್ ಕೇಳಲು ಕೂತರೆ ಸೆಕೆಂಡಿಗೆ ಒಂದು ಸಲ "ಟಕ್, ಟಕ್" ಅನ್ನುತ್ತದೆ. ಯಾರೂ ಕೇಳಿಸುವುದಿಲ್ಲ. ಸೆಟ್ ಹಾಳಾ?

ಕಕ್ಕಡಮಳೆ (ಮಡಿಕೇರಿ)

ಸೆಟ್ ಸರಿ ಇದೆ. ಅದು ನಿಮ್ಮ ಸೋಲಾರ್ ಬೇಲಿ. ಬೇಲಿಯ ಪಲ್ಸ್ ಬಂದಾಗಲೆಲ್ಲ ಎಲ್ಲೋ ಕಿಡಿ ಹಾರುತ್ತಿದೆ. ಒದ್ದೆ ಕಳೆ ತಂತಿಗೆ ತಾಗಿರಬಹುದು, ಇಲ್ಲಾ ಗಂಟು ಸಡಿಲ ಇರಬಹುದು. ರಾತ್ರಿ ದೂರದಿಂದ ನೋಡಿದರೆ ಕಿಡಿ ಕಾಣಿಸುತ್ತದೆ. ಕಳೆ ಕಡಿಸಿ, ಗಂಟು ಬಿಗಿ ಮಾಡಿಸಿ. ಆನೆಗೂ ಶಾಕ್ ಸರಿಯಾಗಿ ಹೊಡೆಯುತ್ತದೆ. ಅಲ್ಲಿಯವರೆಗೆ ಸೆಟ್ಟಿನ ಎನ್‌ಬಿ ಬಟನ್ (ನಾಯ್ಸ್ ಬ್ಲ್ಯಾಂಕರ್, ಇಂಥ ಟಕ್ ಟಕ್ ಸದ್ದು ಅಡಗಿಸುವುದು) ಒತ್ತಿ ನೋಡಿ. ರೇಡಿಯೋ ಕೇಳೋದಕ್ಕೆ ಅಂತ ಬೇಲಿ ಮಾತ್ರ ಆಫ್ ಮಾಡಬೇಡಿ ಮಾರಾಯ್ರೇ.

ಮಾಲ್ದಾರೆ_ಆನೆಕಾಟ

ಎನ್‌ಬಿ ಒತ್ತಿದೆ, ಅರ್ಧ ಕಡಿಮೆ ಆಯಿತು. ನಾಳೆ ಆಳು ಬರುತ್ತಾರೆ, ಕಳೆ ಕಡಿಸುತ್ತೇನೆ. ನನ್ನ ಹೆಸರೂ ಹಾಕಿ.

ಕಕ್ಕಡಮಳೆ (ಮಡಿಕೇರಿ)

ಹಾಕಿದೆ. ಈಗ ಮಡಿಕೇರಿ, ಸಂಪಾಜೆ, ಮಾಲ್ದಾರೆ ಆಯಿತು. ಹಳೇ ಮೋರ್ಸ್ ಸರ್ ಹೇಗೂ ಇದ್ದಾರೆ. ಭಾಗಮಂಡಲ ಕಡೆಯಿಂದ, ಪೊನ್ನಂಪೇಟೆ ಕಡೆಯಿಂದ ಒಬ್ಬೊಬ್ಬರು ಬೇಕು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ 7.1 ಮೆಗಾಹರ್ಟ್ಸ್ ಸುತ್ತಮುತ್ತ ಕರೆಯುತ್ತೇನೆ. ಅಲ್ಲಿ ಬೇರೆಯವರು ಮಾತಾಡುತ್ತಿದ್ದರೆ ಸ್ವಲ್ಪ ಮೇಲೆ ಕೆಳಗೆ ಹುಡುಕಿ. ಲೈಸೆನ್ಸ್ ಇಲ್ಲದವರು ಸುಮ್ನೆ ಕೇಳಬಹುದು. ಟೀಚರ್, ಮಕ್ಕಳ ಮಳೆ ಪುಸ್ತಕ ರೆಡಿ ಇಟ್ಟುಕೊಳ್ಳಿ. ಸದ್ಯಕ್ಕೆ ಅವರ ಅಂಕಿಯನ್ನು ನೀವು ಇಲ್ಲೇ ಬರೆದು ಹಾಕಿ, ಪಾಸಾದ ಮೇಲೆ ಅವರೇ ಮೈಕ್ ಹಿಡಿಯಲಿ.

ಗೋಣಿಕೊಪ್ಪ_ಬೈಕರ್

ಪೋರ್ಟಲ್ ತೆರೆದೆ. ಫೋಟೋ ಅಪ್‌ಲೋಡ್ ಆಗ್ತಾ ಇಲ್ಲ, ಸೈಜ್ ಜಾಸ್ತಿ ಅಂತಿದೆ. ಯಾರಾದ್ರೂ ಸಹಾಯ ಮಾಡಿ.